ಟ್ಯಾಂಕಿಗೆ ರಾಡಿ ಹಚ್ಚಿಸಿದ ಸಾಹೇಬರು

೧೯೯೬ರಲ್ಲಿ, ಏಳನೆಯ ಇಯತ್ತೆಯ ನಡುವೆಯೇ, ನಾನು ಶಾಲೆ ಬಿಟ್ಟೆ. ಬಿಡಿಸಿದರು ಎಂದು ಬರೆದರೆ ಓದುವವರಿಗೆ ಪಾಪ ಅನ್ನಿಸುತ್ತದೆ. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ: ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಳಿಯಾಳ ತಾಲೂಕಿನ ನಮ್ಮೂರಿಂದ ದಾಂಡೇಲಿಗೆ ಬಂದು, ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಉಜ್ಜುಕಾಗದ ಹಿಡಿದು ಕೂತೆ. ಮೊದಲ ಕೆಲವು ವರ್ಷ ಬರೀ ಉಜ್ಜಿದ್ದೇ ನೆನಪು. ಆಮೇಲೆ ಬ್ರಷ್ ಕೈಗೆ ಬಂತು, ಆಮೇಲೆ ಸ್ಪ್ರೇ ಗನ್ನು, ಆಮೇಲೆ ಸ್ವಂತ ಶೆಡ್ಡು. ಈಗ ನೀವು ಅನಮೋಡ ಘಾಟಿನಲ್ಲಿ ಯಾವುದಾದರೂ ಲಾರಿಯ ಹಿಂದೆ ಸಿಕ್ಕಿಬಿದ್ದರೆ, ಅದರ ಬೆನ್ನಿನ ಕೆಳಗಿನ ಬಲಮೂಲೆ ನೋಡಿ. ‘ಪೇಂಟರ್ ಕಲ್ಲಪ್ಪ, ದಾಂಡೇಲಿ’ ಎಂದು ಇದ್ದರೂ ಇರಬಹುದು. ಅದು ನಾನು. ನಮ್ಮ ಕೆಲಸದಲ್ಲಿ ಅದೊಂದು ರೂಢಿ. ದೇವರ ಹೆಸರು ನೆತ್ತಿಯ ಮೇಲೆ, ಮಾಲಕನ ಹೆಸರು ನಡುವೆ ದೊಡ್ಡದಾಗಿ, ಪೇಂಟರನ ಹೆಸರು ಮೂಲೆಯಲ್ಲಿ ಸಣ್ಣದಾಗಿ. ಆ ಸಣ್ಣ ಹೆಸರು ಬೀಳದೆ ಗಾಡಿ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ. ಎಂಥ ಜಿಪುಣ ಮಾಲಕನೂ ಅದಕ್ಕೆ ಬೇಡ ಅನ್ನುವುದಿಲ್ಲ. ಬೇಡ ಅಂದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರಿಗೆ ಲಾರಿ ಇರಲಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಹುಡುಕಿ ನೋಡಿದೆ. ಸಿಕ್ಕಷ್ಟು ಬರೆಯುತ್ತೇನೆ, ಸಿಗದ್ದನ್ನು ಕಟ್ಟಿ ಬರೆಯುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಅವರು ನನ್ನ ಹೆಸರು ಬರೆಯಲಿಲ್ಲ, ನಾನೇಕೆ ಅವರದನ್ನು ಬರೆಯಲಿ? ದಾಂಡೇಲಿಯ ಅಂಬೇವಾಡಿಯಲ್ಲಿ ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಜಮೀನು ಅಳೆಯುವ ಇಲಾಖೆಯಲ್ಲಿ ದೊಡ್ಡ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಮೊದಲೇ ಹೋಗಿದ್ದರು, ಒಬ್ಬಳು ಮಗಳು ಹುಬ್ಬಳ್ಳಿಯಲ್ಲಿ. ಅವರ ಕೂಡ ನನ್ನದು ಮೂರು ವರ್ಷದ ಒಡನಾಟ, ಆಮೇಲೆ ಅಷ್ಟೇ ವರ್ಷದ ಮುನಿಸು.

ಮೊದಲ ಸಲ ಅವರು ಶೆಡ್ಡಿಗೆ ಬಂದದ್ದು ಕೈಯಲ್ಲಿ ಒಂದು ಸಾಬೂನಿನ ಡಬ್ಬಿ ಹಿಡಿದು. ಮುಚ್ಚಳ ತೆಗೆದರೆ ಒಳಗೆ ಹತ್ತಿಯ ಮೇಲೆ ಒಂದು ಯುದ್ಧದ ಟ್ಯಾಂಕು. ಬೆಂಕಿಪೊಟ್ಟಣದಷ್ಟು ಉದ್ದ. ಹಸಿರು ಬಣ್ಣ, ಹೊಸದು, ಮಿರಮಿರ ಮಿಂಚುತ್ತಿತ್ತು. ಮೊಮ್ಮಗನ ಆಟಿಕೆ ಮುರಿದಿದೆ, ಅಂಟಿಸಲು ತಂದಿದ್ದಾರೆ ಎಂದುಕೊಂಡೆ.

“ಇದನ್ನ ಹಳೇದು ಮಾಡಬೇಕು,” ಎಂದರು.

“ನಾವು ಹಳೇದನ್ನ ಹೊಸಾದು ಮಾಡೂ ಮಂದಿರಿ.”

“ಅದನ್ನ ಯಾರರ ಮಾಡ್ತಾರ. ಹಳೇದು ಮಾಡಾಕ ಕೈ ಬೇಕು.”

“ನೀವ ಮಾಡ್ರೆಲಾ ಹಂಗಾರ.”

“ನನಗ ವ್ಯಾಳೆ ಇಲ್ಲ,” ಎಂದರು. ನಿವೃತ್ತರಾಗಿ ಮನೆಯಲ್ಲಿ ಕೂತವರಿಗೆ ವೇಳೆ ಇಲ್ಲ. ಬೆಳಗಿನಿಂದ ಮೂರು ಗಾಡಿ ಉಜ್ಜಿಸಿದವನಿಗೆ ಇದೆ. ಅವತ್ತೇ ಡಬ್ಬಿ ಮುಚ್ಚಿ ಕಳಿಸಬೇಕಿತ್ತು. ಆದರೆ ‘ಕೈ ಬೇಕು’ ಎಂದು ಅವರು ನನ್ನ ಮುಖ ನೋಡಿದ ರೀತಿ ಸವಾಲಿನ ಹಾಗಿತ್ತು. ನಾನು ಸವಾಲು ಬಿಡುವವನಲ್ಲ. ತಗೊಂಡೆ.

ಅವರ ಮನೆಗೆ ಹೋದಾಗಲೇ ಪೂರ್ತಿ ಸಂಗತಿ ತಿಳಿದದ್ದು. ನಡುಮನೆಯಲ್ಲಿ ಜೋಡಿ ಮಂಚದಷ್ಟು ದೊಡ್ಡ ಮೇಜು. ಅದರ ಮೇಲೆ ಗುಡ್ಡ, ಹಳ್ಳ, ಸೇತುವೆ, ಸುಟ್ಟ ಮನೆ. ಗೋಡೆಗೆ ಗಾಜಿನ ಬಾಗಿಲಿನ ಕಪಾಟು. ಅದರ ತುಂಬ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರು, ಫಿರಂಗಿ, ಟ್ಯಾಂಕು. ಎಲ್ಲ ಬರೀ ಬೂದುಬಣ್ಣದ ಅಸ್ತರಿನ ಮೊದಲ ಕೋಟು ಹೊಡೆಸಿಕೊಂಡು ನಿಂತಿದ್ದವು. ದೊಡ್ಡ ಊರುಗಳಲ್ಲಿ ದೊಡ್ಡ ಮನುಷ್ಯರೇ ಈ ಆಟ ಆಡುತ್ತಾರಂತೆ. ಅಳತೆಪಟ್ಟಿ ಹಿಡಿದು ಸೈನ್ಯ ಸರಿಸುವುದು, ದಾಳ ಹಾಕಿ ಯಾರು ಸತ್ತರು ಯಾರು ಉಳಿದರು ಎಂದು ನೋಡುವುದು. ಬಣ್ಣ ಹಚ್ಚದ ಸೈನ್ಯ ತಂದವನನ್ನು ಆ ಮಂದಿ ಕೀಳಾಗಿ ನೋಡುತ್ತಾರಂತೆ. ಬರೀ ಬಣ್ಣ ಹಚ್ಚಿದರೂ ಸಾಲದು, ಯುದ್ಧ ಮಾಡಿ ಬಂದ ಹಾಗೆ ಕಾಣಬೇಕು. ಧೂಳು, ರಾಡಿ, ತುಕ್ಕು, ಕಿತ್ತ ಬಣ್ಣ, ಎಣ್ಣೆಯ ಕಲೆ. ಇದನ್ನೆಲ್ಲ ಹೇಳುವಾಗ ಅವರ ಎಡಗೈ ಜೇಬಿನಲ್ಲಿ, ಬಲಗೈ ಶಾಲಿನೊಳಗೆ. ಬೇಸಿಗೆಯಲ್ಲಿ ಶಾಲು ಯಾಕೆ ಎಂದು ನಾನು ಕೇಳಲಿಲ್ಲ.

ಚಹಾದ ಹೊತ್ತಿಗೆ ಎದ್ದು ಒಳಗೆ ಹೋಗಿ, ತಾವೊಬ್ಬರೇ ಕುಡಿದು ಬಾಯಿ ಒರೆಸಿಕೊಳ್ಳುತ್ತ ಬಂದರು. ಮೂರು ವರ್ಷ ಅವರ ಮನೆ ತುಳಿದೆ. ಒಂದು ಸಲವೂ “ಚಾ ಕುಡೀತಿಯೇನು” ಅನ್ನಲಿಲ್ಲ. ಕೂಲಿ ಮಾತ್ರ ಆ ವಾರದ್ದು ಆ ವಾರಕ್ಕೇ ಕೊಡುತ್ತಿದ್ದರು. ಆ ವಿಷಯದಲ್ಲಿ ನನ್ನ ದೂರಿಲ್ಲ.

ನಾನು ಮೊದಲು ಹಳೆಯದು ಮಾಡಿಕೊಟ್ಟ ಟ್ಯಾಂಕನ್ನು ಅವರು ಕಿಟಕಿಯ ಹತ್ತಿರ ಹಿಡಿದು ನೋಡಿ ನಕ್ಕರು. ಅವರ ನಗು ಮೂಗಿನಿಂದ ಬರುತ್ತಿತ್ತು.

“ಏನ ಮಾಡೀದಿ ಇದಕ್ಕ?”

“ರಾಡಿ ಹಚ್ಚೇನ್ರಿ.”

“ರಾಡಿ ಹಚ್ಚಿಲ್ಲ, ಕಾಫಿ ಚೆಲ್ಲೀದಿ. ಲಾರಿ ನೋಡೀಯಿಲ್ಲೊ ನಿನ್ನ ಜನ್ಮದಾಗ?”

ನನಗೆ ಹೇಳುವ ಮಾತೇ ಇದು? ಸಿಟ್ಟು ನೆತ್ತಿಗೇರಿತು. ಅವರು ಅದನ್ನು ಗಮನಿಸಲೂ ಇಲ್ಲ. “ಹೊಲಸು ಮೂರು ಥರ ಇರತೈತಿ ಕಲ್ಲಪ್ಪಾ,” ಎಂದರು. “ಮ್ಯಾಲಿಂದ ಬೀಳೂದು ಧೂಳು. ಕೆಳಗಿಂದ ಏರೂದು ರಾಡಿ. ಒಳಗಿಂದ ಬರೂದು ತುಕ್ಕು. ಮೂರನ್ನೂ ಒಂದ ಬ್ರಷಿನ್ಯಾಗ ಬಳದ್ರ ಅದು ಹೊಲಸಲ್ಲ, ಬರೇ ಬಣ್ಣ.”

ಈ ಮಾತು ಸರಿಯಿತ್ತು. ಸರಿ ಮಾತನ್ನೂ ಎದುರಿನವನಿಗೆ ಚುಚ್ಚುವ ಹಾಗೆ ಆಡುವುದು ಅವರಿಗೆ ಒಲಿದ ವಿದ್ಯೆ.

ಮರುದಿನವೇ ನನ್ನ ಬೈಕಿನ ಹಿಂದೆ ಕೂತು ಅನಮೋಡಕ್ಕೆ ನಡಿ ಎಂದರು. ಜೋಯಿಡಾ ದಾಟಿ, ಕಾಡು ದಾಟಿ, ತಪಾಸಣೆಯ ನಾಕಾದ ಹತ್ತಿರ ಗೋವಾದ ಕಡೆಯಿಂದ ಘಾಟು ಏರಿ ಬಂದ ಲಾರಿಗಳು ಸಾಲಾಗಿ ನಿಂತಿದ್ದವು. ಸಾಹೇಬರು ಇಳಿದವರೇ ಒಂದು ಲಾರಿಯ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮೂಗು ಟಯರಿಗೆ ತಾಗಬೇಕು, ಅಷ್ಟು ಹತ್ತಿರ. ಡ್ರೈವರ್ ಇಳಿದು ಬಂದ.

“ಪಂಕ್ಚರ್ ಆಗೇತೇನ್ರಿ ಅಜ್ಜಾರ?”

“ಇಲ್ಲ. ನೋಡಾಕತ್ತೇನಿ.”

“ಏನ ನೋಡಾಕತ್ತೀರಿ?”

“ರಾಡಿ.”

ಡ್ರೈವರ್ ನನ್ನ ಕಡೆ ತಿರುಗಿ, ತಲೆಯ ಹತ್ತಿರ ಬೆರಳು ತಿರುಗಿಸಿ, ಕಣ್ಣಿನಲ್ಲೇ ಕೇಳಿದ. ನಾನು ಹೌದು ಎಂದು ತಲೆಯಾಡಿಸಿದೆ. ಆದರೆ ಅವರು ತೋರಿಸಿದ್ದನ್ನು ನಾನೂ ಕೂತು ನೋಡಿದೆ. ಒಣಗಿದ ರಾಡಿ ತಿಳಿಯಾಗಿರುತ್ತದೆ, ಹಸಿ ರಾಡಿ ಕಪ್ಪಗಿರುತ್ತದೆ, ಎರಡೂ ಒಂದೇ ಗಾಲಿಯ ಮೇಲೆ ಒಂದರ ಮೇಲೊಂದು ಕೂತಿರುತ್ತವೆ. ಬೋಲ್ಟಿನಿಂದ ಇಳಿದ ತುಕ್ಕಿನ ಗೆರೆ ಮೇಲೆ ದಪ್ಪ, ಕೆಳಗೆ ಸಣ್ಣ. ಡ್ರೈವರ್ ಕಾಲಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಇಷ್ಟು ವರ್ಷ ನಾನು ಇವನ್ನೆಲ್ಲ ಉಜ್ಜಿ ತೆಗೆದವನು, ನಿಂತು ನೋಡಿರಲಿಲ್ಲ. ಮರಳುವಾಗ ಹಿಂದಿನಿಂದ, “ಕಣ್ಣು ತಗೀತೇನೋ ಈಗರ?” ಎಂದು ಕೇಳಿದರು. ನಾನು ಬೇಕೆಂದೇ ಒಂದೆರಡು ತಗ್ಗು ಹಾರಿಸಿದೆ.

ಅಲ್ಲಿಂದ ಮುಂದೆ ನಾನು ಎಲ್ಲಿ ಹೋದರೂ ಮಣ್ಣು ತರುವುದು ಕೆಲಸವಾಯಿತು. ಹೆಂಡತಿಯ ತವರು ಮುಂಡಗೋಡದ ಕಡೆ. ಅಲ್ಲಿಯ ಸಂತೆಗೆ ಹೋದರೆ ಬರುವಾಗ ಗದ್ದೆಯ ಬದುವಿನ ಮಣ್ಣು, ಊರಿಗೆ ಹೋದರೆ ಹಳಿಯಾಳದ ಮಣ್ಣು, ಘಾಟಿನ ಕೆಂಪು ಧೂಳು. ಅದನ್ನು ಒಣಗಿಸಿ, ಕುಟ್ಟಿ, ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಸೋಸಿ, ಹಿಟ್ಟಿನ ಹಾಗೆ ಮಾಡಿ ತಿನ್ನರಿನಲ್ಲಿ ಕಲಸಿ ಹಚ್ಚುವುದು. ಬಸ್ಸಿನಲ್ಲಿ ನನ್ನ ಹೆಂಡತಿ ನೀಲವ್ವ ಮಡಿಲಲ್ಲಿ ಮಣ್ಣಿನ ಪೊಟ್ಟಣ ಇಟ್ಟುಕೊಂಡು, “ತವರಮನಿಯಿಂದ ಬೆಲ್ಲಾ ತರ್ತಾರ, ಬ್ಯಾಳಿ ತರ್ತಾರ. ನನ್ನ ಹಣೇಬಾರ ನೋಡ,” ಎಂದು ಗೊಣಗುತ್ತಿದ್ದಳು.

ಉಪ್ಪಿನ ಕೆಲಸ ಕಲಿಸಿದವರೂ ಅವರೇ. ಮೊದಲು ತುಕ್ಕಿನ ಬಣ್ಣ ಹೊಡೆಯುವುದು, ಅದರ ಮೇಲೆ ಒದ್ದೆ ಮಾಡಿ ಉಪ್ಪಿನ ಹರಳು ಉದುರಿಸುವುದು, ಆಮೇಲೆ ಹಸಿರು. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ, ಹರಳಿದ್ದ ಕಡೆಯೆಲ್ಲ ಹಸಿರು ಕಿತ್ತು ತುಕ್ಕು ಇಣುಕುತ್ತದೆ. ಲಾರಿಯ ಪೇಂಟರನಿಗೆ ಉಪ್ಪು ಅಂದರೆ ಹಗೆ. ಕಾರವಾರದ ಕಡೆಯಿಂದ ಬಂದ ಗಾಡಿಗಳ ಬುಡ ನೋಡಿದವರಿಗೆ ಗೊತ್ತು. ಆ ಹಗೆಯನ್ನೇ ಕೈಯಲ್ಲಿ ಹಿಡಿದು ಬಣ್ಣ ಕೆಡಿಸುವಾಗ ಮೊದಮೊದಲು ಮೈ ಝುಂ ಅನ್ನುತ್ತಿತ್ತು. ವರ್ಷ ತುಂಬುವುದರೊಳಗೆ ನನ್ನ ಕೈಗೆ ಅದು ಎಷ್ಟು ಹಿಡಿಯಿತೆಂದರೆ, ಸಾಹೇಬರು ಟ್ಯಾಂಕನ್ನು ಕಿಟಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಏನೂ ಅನ್ನದೆ ಕಪಾಟಿನಲ್ಲಿ ಇಡುತ್ತಿದ್ದರು. ಹೊಗಳಿಕೆ ಅವರ ಬಾಯಿಂದ ಬರುತ್ತಿದ್ದದ್ದು ಹಾಗೆ, ಬಾಯಿ ಮುಚ್ಚಿಕೊಂಡು.

ಆಗ ನಾನು ಹತ್ತು ಟ್ಯಾಂಕುಗಳ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ, ಎರಡು ಕೂದಲಿನ ಬ್ರಷ್ಷಿನಿಂದ ನನ್ನ ಹೆಸರು ಬರೆದೆ. ‘ಪೇ. ಕಲ್ಲಪ್ಪ.’ ಅಷ್ಟೇ. ಕದ್ದು ಬರೆಯಲಿಲ್ಲ, ಎಲ್ಲ ಗಾಡಿಗೆ ಬರೆಯುವ ಹಾಗೆ ಬರೆದೆ. ಅವರು ಒಂದನ್ನು ಮಗುಚಿ ನೋಡಿದರು.

“ಏನಿದು?”

“ಹೆಸರ್ರಿ.”

“ಯಾರದು?”

“ಮಾಡಿದಾಂವಂದು.”

“ಇದು ಲಾರಿ ಅಲ್ಲೊ. ಕೆರದು ತಗಿ.”

ಬ್ಲೇಡು ತಂದು ನನ್ನ ಮುಂದೆ ಇಟ್ಟರು. ನನ್ನ ಕೈಯಿಂದಲೇ ಕೆರೆಸಿದರು. ಹತ್ತನ್ನೂ. ನಾನು ಕೆರೆಯುವಷ್ಟು ಹೊತ್ತು ಎದುರಿಗೆ ಕೂತು, ಒಂದರಲ್ಲಿ ಅರ್ಧ ಅಕ್ಷರ ಉಳಿದರೆ ಅದನ್ನು ತೋರಿಸಿ, “ಅಲ್ಲೊಂದು ಒತ್ತು ಉಳದೈತಿ,” ಎಂದರು. ಯಾಕೆ ಕೆರೆದೆ ಎಂದು ನೀವು ಕೇಳಬಹುದು. ಅಂಥ ಕೆಲಸ ಮತ್ತೆಲ್ಲಿ ಸಿಗುತ್ತಿತ್ತು? ಲಾರಿಯ ಮೇಲೆ ಹುಲಿ ಬರೆದು ಬರೆದು ನನ್ನ ಕೈಗೆ ಬೇಸರ ಬಂದಿತ್ತು. ಈ ಕೆಲಸ ಬಿಡಲು ಮನಸ್ಸಿರಲಿಲ್ಲ. ಎಲ್ಲ ಮುಗಿದು ಸೈನ್ಯ ಪೂರ್ತಿಯಾದ ದಿನ, ಇದು ನಿನ್ನ ಕೈಯದು ಎಂದು ಅವರೇ ನಾಲ್ಕು ಮಂದಿಯ ಮುಂದೆ ಹೇಳುತ್ತಾರೆ, ಹೇಳಲೇಬೇಕಾಗುತ್ತದೆ ಎಂದುಕೊಂಡಿದ್ದೆ.

ಮೂರನೆಯ ವರ್ಷದ ಖಂಡೇ ಪೂಜೆಗೆ ಆದದ್ದನ್ನು ಹೇಳಬೇಕು. ಪುಣೆಯಲ್ಲಿ ಈ ಆಟದವರ ದೊಡ್ಡ ಪ್ರದರ್ಶನ ಇದೆ, ಅಲ್ಲಿಗೆ ಒಯ್ಯಬೇಕು ಎಂದು ಸಾಹೇಬರು ಅವಸರ ಮಾಡುತ್ತಿದ್ದರು. ಮುಗಿದ ಟ್ಯಾಂಕು, ಫಿರಂಗಿಗಳನ್ನು ಕೊನೆಯ ಕೈ ಆಡಿಸಲು ನಾನು ಶೆಡ್ಡಿಗೆ ತಂದಿದ್ದೆ. ಮಹಾನವಮಿಯ ದಿನ ನಮ್ಮಲ್ಲಿ ಆಯುಧ, ಹತ್ಯಾರ, ಗಾಡಿ, ಎಲ್ಲ ತೊಳೆದು ಪೂಜೆಗೆ ಇಡುವುದು. ಅವತ್ತು ಅವನ್ನು ಮುಟ್ಟಿ ಕೆಲಸ ಮಾಡುವ ಹಾಗಿಲ್ಲ. ನಾನು ಹೂವಿಗೆ ಪೇಟೆಗೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ನೀಲವ್ವ ಕಂಪ್ರೆಸರ್ ತೊಳೆದಿದ್ದಳು, ಸ್ಪ್ರೇ ಗನ್ನು ತೊಳೆದಿದ್ದಳು, ಬ್ರಷ್ಷು, ಪಟ್ಟಿ, ಸುತ್ತಿಗೆ ತೊಳೆದಿದ್ದಳು. ಟ್ಯಾಂಕುಗಳನ್ನೂ ತೊಳೆದಿದ್ದಳು. ಸೀಮೆಎಣ್ಣೆ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಸಂದಿ ತಿಕ್ಕಿ, ಘಾಟಿನ ಕೆಂಪು ಧೂಳು, ಮುಂಡಗೋಡದ ಗದ್ದೆ, ತುಕ್ಕಿನ ಗೆರೆ, ಎಲ್ಲ ತೆಗೆದು, ಮಣೆಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಇಟ್ಟಿದ್ದಳು. ಫಿರಂಗಿಯ ಬಾಯಿಗೆ ಚೆಂಡು ಹೂವಿನ ಒಂದೊಂದು ಎಸಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಒಂದು ದಿನ ತಡೆಯುವ ಜೀವ ಅಲ್ಲ ಅದು.

“ಇದೇನು?” ಎಂದರು.

“ಖಂಡೇ ಪೂಜೀರಿ,” ಎಂದಳು ನೀಲವ್ವ. “ಬರ್ರಿ, ಕುಂದರ್ರಿ.”

“ಇದಕ್ಕ ಏನ ಮಾಡಿದಿ?”

“ತೊಳದೇನ್ರಿ. ಫಿರಂಗಿ ಅಂದ್ರ ಆಯುಧ ಅಲ್ಲೇನ್ರಿ? ಮೈತುಂಬ ರಾಡಿ ಹತ್ತಿತ್ತು. ರಾಡಿ ಹತ್ತಿದ ಆಯುಧಕ್ಕ ಯಾರ ಕೈ ಮುಗೀತಾರ್ರಿ?”

ಸಾಹೇಬರು ಒಂದು ಟ್ಯಾಂಕು ಎತ್ತಿ, ಕುಂಕುಮವನ್ನು ಉಫ್ ಎಂದು ಊದಿದರು. “ತೊಳೆಯೂದೊಂದ ಬರತೈತಿ ನಿಮ್ಮಂಥವರಿಗೆ,” ಎಂದರು. “ಮನಿ ತೊಳೀರಿ, ಎಮ್ಮಿ ತೊಳೀರಿ, ಮತ್ತೊಬ್ಬರ ಕೆಲಸಾನೂ ತೊಳದ ಬಿಡ್ರಿ.”

ನೀಲವ್ವ ಸೆರಗು ಬಿಗಿಮಾಡಿಕೊಂಡಳು. “ಹೊಲಸ ತೊಳದಿದ್ದಕ್ಕ ಸಿಟ್ಟಿಗೇಳೂ ಮನಷ್ಯಾನ್ನ ಇವತ್ತ ನೋಡಿದೆ ನಾ. ಮತ್ತೊಬ್ಬರ ಕೆಲಸ ಅಂತೀರಲ್ಲ, ನಿಮ್ಮದೇನೈತ್ರಿ ಇದರಾಗ? ರಾತ್ರಿ ಹಗಲ ಕಣ್ಣ ಕಳಕೊಂಡಾಂವ ನನ್ನ ಗಂಡ.”

ಅವರು ನನ್ನ ಕಡೆ ತಿರುಗಿ, ಈಗಿಂದೀಗ ಕೂತು ಮತ್ತೆ ಹಚ್ಚು ಎಂದರು. ನಾನು ಇವತ್ತು ಬ್ರಷ್ ಮುಟ್ಟುವುದಿಲ್ಲ, ನಾಳೆ ಎಂದೆ. “ಹಂಗಾರ ಸರಿ,” ಎಂದು ಅವರೇ ಮಣೆಯ ಮೇಲಿನ ಬ್ರಷ್ ಎತ್ತಿಕೊಂಡರು. ಪೂಜೆ ಆದ ಬ್ರಷ್ಷು. ಶಾಲಿನಿಂದ ಬಲಗೈ ಹೊರಗೆ ಬಂತು. ಅದು ನಡುಗುತ್ತಿತ್ತು. ಸ್ವಲ್ಪ ಅಲ್ಲ, ಗಾಳಿಗೆ ಸಿಕ್ಕ ಎಲೆಯ ಹಾಗೆ. ಬದಿಯ ಡಬ್ಬಿಯ ಬಣ್ಣದಲ್ಲಿ ಅದ್ದಿದ ಬ್ರಷ್ಷಿನ ತುದಿ ಟ್ಯಾಂಕಿಗೆ ತಾಗಿದ್ದೇ ತಡ, ಉದ್ದಕ್ಕೂ ಒಂದು ಕಂದು ಗೀಟು ಎಳೆದು, ಅವರ ಹೆಬ್ಬೆರಳಿನ ಮೇಲೆ ಹರಿದು, ನಿಂತಿತು. ನಾವು ಮೂವರೂ ಅದನ್ನೇ ನೋಡಿದೆವು. ಅವರು ಬ್ರಷ್ ಕೆಳಗಿಟ್ಟು, ಕೈ ಶಾಲಿನೊಳಗೆ ಸೇರಿಸಿ, ಹೊರಟುಹೋದರು.

ಚಹಾ ಒಳಗೆ ಹೋಗಿ ಯಾಕೆ ಕುಡಿಯುತ್ತಿದ್ದರು, ವೇಳೆ ಯಾಕೆ ಇರುತ್ತಿರಲಿಲ್ಲ, ಎಲ್ಲ ತಿಳಿಯಿತು. “ಪಾಪ,” ಎಂದಳು ನೀಲವ್ವ. ನನಗೆ ಹಾಗನ್ನಿಸಲಿಲ್ಲ. ಕೈ ನಡುಗುವುದು ದೇವರು ಕೊಟ್ಟದ್ದು. ಬಾಯಿ ಅವರೇ ಮಾಡಿಕೊಂಡದ್ದು. ಆದರೂ ಮರುದಿನದಿಂದ ಕೂತು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹಳೆಯದು ಮಾಡಿದೆ. ಎರಡನೆಯ ಸಲದ್ದು ಮೊದಲಿನದಕ್ಕಿಂತ ಛಲೋ ಆಯಿತು. ಅದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಅವರು ಹೇಳಲಿಲ್ಲ.

ಪುಣೆಗೆ ಅವರು ಕಾರು ಮಾಡಿಕೊಂಡು ಒಬ್ಬರೇ ಹೋದರು. ನಾನೂ ಬರುತ್ತೇನೆ ಎಂದರೆ, “ಅಲ್ಲೇನ ಮಾಡಾಂವ ನೀ? ಎಲ್ಲಾರೂ ಇಂಗ್ಲಿಷಿನ್ಯಾಗ ಮಾತಾಡ್ತಾರ,” ಎಂದರು. ಮರಳಿ ಬಂದ ಮೇಲೆ ಕರೆಕಳಿಸಿ, ಫೋನಿನಲ್ಲಿ ಫೋಟೋ ತೋರಿಸಿದರು. ಗುಡ್ಡದ ಮೇಲೆ ನನ್ನ ಟ್ಯಾಂಕುಗಳು, ಸುತ್ತ ಜನ, ಬದಿಗೆ ಒಂದು ಫಲಕ. ಅವರಿಗೆ ವಿಶೇಷ ಬಹುಮಾನ ಬಂದಿತ್ತು. ನಾನು ಫಲಕದ ಮೇಲೆ ಎರಡು ಬೆರಳಿಟ್ಟು ದೊಡ್ಡದು ಮಾಡಿದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ಅವರ ಲೆಕ್ಕ. ಇಂಗ್ಲಿಷ್ ಅಕ್ಷರ ನಾನು ದಿನಾ ಬರೆಯುವವನು. ಮೇಲೆ ಅವರ ಹೆಸರು. ಕೆಳಗೆ, ಬಣ್ಣಗಾರಿಕೆಯೂ ಅವರದೇ ಎಂದಿತ್ತು. ಅದರ ಕೆಳಗಿನ ಸಾಲು ಉದ್ದವಾಗಿತ್ತು. ಪೂರ್ತಿ ತಿಳಿಯಲಿಲ್ಲ, ಅದನ್ನು ಅವರ ಬಾಯಿಂದಲೇ ಓದಿಸಿದೆ. ನಡುಗುವ ಕೈಯಿಂದ ಹಟ ಹಿಡಿದು ಇಡೀ ಸೈನ್ಯಕ್ಕೆ ಬಣ್ಣ ಹಚ್ಚಿದ ಹಿರಿಯರು ಎಂದು ಬರೆದಿತ್ತು.

ಆ ಕೈಯನ್ನು ನನ್ನಿಂದ ಮೂರು ವರ್ಷ ಮುಚ್ಚಿಟ್ಟವರು, ಅಲ್ಲಿ ಅದನ್ನೇ ತೋರಿಸಿ ಬಹುಮಾನ ತಂದಿದ್ದರು.

“ಇದರಾಗ ನನ್ನ ಹೆಸರ ಎಲ್ಲೈತ್ರಿ?”

“ನಿನ್ನ ಹೆಸರ ಯಾಕ? ಮನಿ ಕಟ್ಟಿಸಿದಾಂವ ಬಾಗಲಕ್ಕ ಗೌಂಡಿ ಹೆಸರ ಬರೀತಾನೇನು?”

“ಲಾರಿ ಮಾಲಕ ಬರಸ್ತಾನ್ರಿ.”

“ಅದಕ್ಕ ಅಂವ ಲಾರಿ ಮಾಲಕ.”

“ಕೈ ನಂದ್ರಿ ಸಾಹೇಬ್ರ.”

“ಕೈ ನಿಂದು, ಕಣ್ಣು ನಂದು. ನಾ ಹೇಳೂತನಾ ನಿನಗ ರಾಡಿ ಅಂದ್ರೇನು, ತುಕ್ಕು ಅಂದ್ರೇನು ಗೊತ್ತಿತ್ತೇನು? ಖರೇ ಹೇಳು.”

ಗೊತ್ತಿರಲಿಲ್ಲ. ಅದು ಖರೇನೇ. “ಹಂಗಾರ ಅರ್ಧಾರ ಬರೀರಿ,” ಎಂದೆ. “ಎರಡೂ ಹೆಸರ ಬರೀರಿ. ನಿಮ್ಮದ ಮ್ಯಾಲ ಇರ್ಲಿ.”

ಅವರು ಫೋನನ್ನು ಒರೆಸಿ ಜೇಬಿಗೆ ಹಾಕಿಕೊಂಡರು. “ಕುದುರಿ ಸವಾರರು ಇನ್ನೂ ಬಾಕಿ ಅದಾರ. ಸೋಮವಾರ ಬಾ.”

ಸೋಮವಾರ ನಾನು ಹೋಗಲಿಲ್ಲ. ಮುಂದಿನ ಸೋಮವಾರವೂ ಹೋಗಲಿಲ್ಲ. ಅವರು ಒಮ್ಮೆ ಆಟೋದಲ್ಲಿ ಬಂದು, ಶೆಡ್ಡಿನ ಮುಂದೆ ಇಳಿಯದೆ ಕೂತು, ಹಾರ್ನು ಹೊಡೆಸಿದರು. ನಾನು ಗಾಡಿಯ ಕೆಳಗೆ ಮಲಗಿದ್ದವನು ಏಳಲಿಲ್ಲ. ಮೂರು ಸಲ ಹಾರ್ನು ಆದ ಮೇಲೆ ಆಟೋ ಹೋಯಿತು. ಅಲ್ಲಿಗೆ ಮುಗಿಯಿತು.

ಒಂದು ಸಂಗತಿ ಬಿಟ್ಟುಹೋಯಿತು. ದಾಂಡೇಲಿಯಲ್ಲಿ ಅವರ ಕೂಡ ಆಡುವವರು ಯಾರೂ ಇರಲಿಲ್ಲ. ಎರಡೂ ಕಡೆ ತಾವೇ ಆಡುತ್ತಿದ್ದರು. ಕೆಲವು ಸಲ ನನ್ನನ್ನು ಎದುರಿಗೆ ಕೂರಿಸಿ, “ನೀ ಆ ಕಡೆಯವರ ದಾಳ ಹಾಕು, ಸಾಕು,” ಎನ್ನುತ್ತಿದ್ದರು. ಒಂದು ಸಲ ನನ್ನ ದಾಳ ಚೆನ್ನಾಗಿ ಬಿದ್ದು, ಅವರ ಸೇತುವೆ ನನ್ನ ವಶವಾಯಿತು. ಪುಸ್ತಕ ತೆಗೆದು ಪುಟ ತಿರುವಿ, ಮಳೆ ಬಂದರೆ ಸೇತುವೆ ದಾಟುವ ಹಾಗಿಲ್ಲ ಎಂದರು. ಮಳೆ ಎಲ್ಲಿ ಬಂತು ಎಂದರೆ, “ಈಗ ಬಂತು,” ಎಂದರು. ನಿಯಮ ತೋರಿಸಿ ಎಂದರೆ, “ಇಂಗ್ಲಿಷಿನ್ಯಾಗ ಐತಿ.” ಹಾಗೆ ಗೆದ್ದೂ ಅವರ ಮುಖದಲ್ಲಿ ಒಂದು ಖುಷಿ ಇರುತ್ತಿತ್ತು, ಖರೇ ಖುಷಿ. ಅವರಲ್ಲಿ ಹುಡುಕಿದ ಒಳ್ಳೆಯದು ಎಂದರೆ ಅದೊಂದೇ ನನಗೆ ಸಿಕ್ಕದ್ದು. ಬೇಕಾದರೆ ಅದನ್ನು ಒಳ್ಳೆಯದು ಅನ್ನಿ.

ತೀರಿಕೊಂಡ ಸುದ್ದಿ ಬಂದಾಗ ಹೋಗುವ ಮನಸ್ಸಿರಲಿಲ್ಲ. ನೀಲವ್ವ ಬಿಡಲಿಲ್ಲ. “ಹಗಿ ಆದ್ರೂ ಸತ್ತ ಮನಿಗೆ ಹೋಗಿ ಬರಬೇಕು. ಅವರ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ.” ಹದಿಮೂರನೆಯ ದಿನದ ಊಟಕ್ಕೆ ಹೋದೆ. ನಡುಮನೆಯ ಮೇಜು ತೆಗೆದಿದ್ದರು. ಗೋಡೆಯ ಕಪಾಟು ಹಾಗೇ ಇತ್ತು. ಅದರ ಮುಂದೆ ಜನ ನಿಂತಿದ್ದರು. ಮೇಲಿನ ಹಲಗೆಯ ಮೇಲೆ ನನ್ನ ಟ್ಯಾಂಕು, ಫಿರಂಗಿ, ಕಾಲಾಳು ಸೈನ್ಯ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಒಬ್ಬರು ಬೆರಳು ತೋರಿಸಿ ವಿವರಿಸುತ್ತಿದ್ದರು. ಈ ವಯಸ್ಸಿನಲ್ಲಿ, ಆ ಕೈಯಿಂದ, ಆ ತಾಳ್ಮೆ ಎಂದು.

ಮಗಳು ನನ್ನ ಉಗುರಿನ ಬಣ್ಣ ನೋಡಿ ಗುರುತು ಹಿಡಿದು, ಬದಿಗೆ ಬಂದು ಮೆಲ್ಲಗೆ ಕೇಳಿದರು. “ನೀವ ಏನ್ರಿ ಪೇಂಟರ್ ಕಲ್ಲಪ್ಪ? ಅಪ್ಪ ನಿಮ್ಮ ಹೆಸರು ಭಾಳ ತಗೀತಿದ್ರು.”

ಸುಳ್ಳು ಹೇಳುವುದಿಲ್ಲ, ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

“ನಿಮ್ಮವೂ ಇಲ್ಲೇ ಇಟ್ಟಾರ ನೋಡ್ರಿ,” ಎಂದು ಅವರು ಕೆಳಗಿನ ಹಲಗೆ ತೋರಿಸಿದರು.

ಕೆಳಗಿನ ಹಲಗೆಯ ಮೇಲೆ ಕುದುರೆ ಸವಾರರಿದ್ದರು. ನಾನು ಬಿಟ್ಟು ಬಂದಾಗ ಬೂದುಬಣ್ಣದಲ್ಲಿ ನಿಂತವರು. ಈಗ ಅವರಿಗೆ ಬಣ್ಣ ಬಂದಿತ್ತು. ಒಬ್ಬನ ಕಣ್ಣು ಗಲ್ಲದ ಮೇಲೆ, ಒಬ್ಬನ ಮೀಸೆ ಕುದುರೆಯ ಕುತ್ತಿಗೆಯವರೆಗೆ, ಕುದುರೆಗಳಿಗೆ ಹೊಟ್ಟೆಯಿಂದ ಕಿವಿಯವರೆಗೂ ರಾಡಿ. ಎಲ್ಲದರ ಮೈಮೇಲೆ ಅಡ್ಡಾದಿಡ್ಡಿ ಗೀಟು. ಅವುಗಳ ಮುಂದೆ ಒಂದು ಚೀಟಿ, ಸಾಹೇಬರ ಕೈಬರಹದಲ್ಲಿ, ಕನ್ನಡದಲ್ಲಿ: ಪೇಂಟರ್ ಕಲ್ಲಪ್ಪ. ಅಕ್ಷರಗಳೂ ನಡುಗಿದ್ದವು.

“ನಡಗೂ ಕೈಯವ್ರು ಹೆಂಗ ಮಾಡ್ಯಾರ, ಗಟ್ಟಿ ಕೈಯವ್ರು ಹೆಂಗ ಮಾಡ್ಯಾರ, ನೋಡ್ರಿ,” ಎಂದರು ಮಾಸ್ತರರು. ಜನ ಮೆಲ್ಲಗೆ ನಕ್ಕರು. ನನ್ನನ್ನು ನೋಯಿಸಲು ಅಲ್ಲ, ಅದೇ ನಾನು ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಗಾಜಿನ ಬಾಗಿಲು ತೆರೆದೆ. ಚೀಟಿ ಎತ್ತಿ ಮೇಲಿನ ಹಲಗೆಯ ಮೇಲೆ, ಟ್ಯಾಂಕುಗಳ ಮುಂದೆ ಇಟ್ಟೆ.

“ಇವು ನಾ ಮಾಡಿದ್ವು,” ಎಂದೆ. “ಕೆಳಗಿನವು ಅವ್ರು ಮಾಡಿದ್ವು.”

ಮಗಳು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಅಸಹ್ಯ ಇತ್ತು. “ಸತ್ತವ್ರು ಎದ್ದ ಬಂದ ಉತ್ತರಾ ಕೊಡೂದಿಲ್ಲಂತ ಹಿಂಗ ಅಂತೀರೇನ್ರಿ?”

“ಬದುಕಿದ್ದಾಗನೂ ಕೊಡಲಿಲ್ರಿ ಅವ್ರು.”

“ಹೊಟ್ಟಿಕಿಚ್ಚು,” ಎಂದು ಹಿಂದಿನಿಂದ ಯಾರೋ ಅಂದರು. ಮಗಳು ಚೀಟಿಯನ್ನು ಎತ್ತಿ, ಮತ್ತೆ ಕೆಳಗಿನ ಹಲಗೆಯಲ್ಲಿ, ಮೊದಲಿದ್ದ ಜಾಗದಲ್ಲೇ ಇಟ್ಟು, ನೆಟ್ಟಗೆ ಮಾಡಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರ ಹಾಗೆ, “ನಿಮ್ಮವನ್ನ ನೀವು ಒಯ್ರಿ ಬೇಕಾದ್ರ. ನಾವು ಇಟಗೊಂಡ ಏನ ಮಾಡೂದು. ಊಟಾ ಮಾಡಿ ಹೋಗ್ರಿ,” ಎಂದರು.

ಆ ಕುದುರೆಗಳನ್ನು ಒಯ್ದರೆ ಅವು ನನ್ನವು ಎಂದು ನಾನೇ ಒಪ್ಪಿದ ಹಾಗೆ. ಬಿಟ್ಟು ಬಂದರೆ, ಅವುಗಳ ಮುಂದೆ ನನ್ನ ಹೆಸರು ನಿಲ್ಲುತ್ತದೆ.

“ಕುದುರಿ ಬ್ಯಾಡ್ರಿ,” ಎಂದೆ. “ಹೆಸರು ನಂದು, ಅದನ್ನ ಒಯ್ತೇನಿ.”

ಚೀಟಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡೆ. ಊಟ ಮಾಡಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ರಸ್ತೆಯ ಬದಿಗೆ ಶೆಡ್ಡು ಒಂದು. ಕಂಪ್ರೆಸರ್ ಎರಡು. ಸ್ಪ್ರೇ ಗನ್ನು ಐದು, ಅದರಲ್ಲಿ ಒಂದು ಕೆಟ್ಟದ್ದು. ಕೈಕೆಳಗೆ ಕೆಲಸದವರು ಮೂವರು. ಹೆಂಡತಿ ಒಬ್ಬಳು. ನನ್ನ ಹೆಸರು ಬರೆದ ಚೀಟಿ ಒಂದು. ಟ್ಯಾಂಕು ಇಲ್ಲ. ಸೈನಿಕರು ಇಲ್ಲ.